ಲೆನ್ಸ್ ಆಮೇಲೆ, ಮೊದಲು ಕ್ಯಾಮೆರಾ ನಿಲ್ಲುವ ಜಾಗ

ಪ್ರಶ್ನೆ: ಗೆಳೆಯರು ಸೇರಿ 15 ನಿಮಿಷದ ಕಿರುಚಿತ್ರ ಮಾಡಿದ್ದೇವೆ. ಅದರ ಜೀವಾಳ 4 ನಿಮಿಷದ ಒಂದು ದೃಶ್ಯ. ಹಳ್ಳಿಮನೆಯ ನಡುಮನೆಯಲ್ಲಿ ಮಗ ನೆಲದ ಮೇಲೆ ಕೂತು ಊಟ ಮಾಡುತ್ತಿದ್ದಾನೆ, ಎದುರಿಗೆ ಕೂತ ತಾಯಿ ಬಡಿಸುತ್ತಿದ್ದಾಳೆ. ಮನೆ ಮಾರಲು ಅಡ್ವಾನ್ಸ್ ತಗೊಂಡಾಗಿದೆ ಎಂದು ಮಗ ಹೇಳುತ್ತಾನೆ. ತಾಯಿ ಎದ್ದು, ಮಗನ ಬೆನ್ನ ಹಿಂದಿರುವ ಅಡುಗೆಮನೆಯ ಬಾಗಿಲಲ್ಲಿ ಹೋಗಿ ನಿಲ್ಲುತ್ತಾಳೆ. ಕೋಣೆ 12ಕ್ಕೆ 14 ಅಡಿ. ತಲೆಬಾಗಿಲು ಉದ್ದಗೋಡೆಯ ನಡುವೆ ಇದೆ, ಹೊರಗೆ ಜಗಲಿ. ನಮ್ಮಲ್ಲಿರುವುದು ಎಪಿಎಸ್-ಸಿ ಎಂಬ ಮಧ್ಯಮ ಅಳತೆಯ ಸೆನ್ಸರಿನ ಕ್ಯಾಮೆರಾ, 18-55 ಎಂಎಂ ಜೂಮ್ ಲೆನ್ಸ್, ಒಂದು 50 ಎಂಎಂ ಲೆನ್ಸ್. ಟ್ರೈಪಾಡನ್ನು ಒಂದು ಮೂಲೆಯಲ್ಲಿಟ್ಟು ಜೂಮ್ ಮಾಡುತ್ತ ಎಲ್ಲ ಸೈಜುಗಳನ್ನೂ ತೆಗೆದೆವು; ತಾಯಿ ಎದ್ದ ಮೇಲೆ ಎದುರು ಮೂಲೆಗೆ ಹಾಕಿದೆವು. ಕ್ಲೋಸಪ್ ಧಾರಾಳವಾಗಿ ಇವೆ. ನೋಡಿದವರು ನಟನೆ ಚೆನ್ನಾಗಿದೆ ಅಂದರು, ಆದರೆ ಯಾರ ದುಃಖವೂ ತಟ್ಟಲಿಲ್ಲ, ಕೆಲವು ಕಡೆ ಇಬ್ಬರೂ ಒಂದೇ ದಿಕ್ಕಿಗೆ ನೋಡಿದ ಹಾಗಿದೆ ಅಂದರು. ಮತ್ತೊಮ್ಮೆ ಚಿತ್ರೀಕರಿಸುವ ಅವಕಾಶವಿದೆ. ಶಾಟ್‌ಗಳನ್ನು ಹೇಗೆ ಆಯ್ದುಕೊಳ್ಳಬೇಕು?

ಉತ್ತರ: ನಿಮ್ಮ ದೃಶ್ಯ ಸೊರಗಿದ್ದು ಜೂಮ್ ಉಂಗುರದಿಂದ. ಒಂದೇ ಜಾಗದಲ್ಲಿ ನಿಂತು 18ರಿಂದ 55ಕ್ಕೆ ತಿರುಗಿಸಿದರೆ ಮುಖ ದೊಡ್ಡದಾಗುತ್ತದೆ, ಆದರೆ ಪ್ರೇಕ್ಷಕ ಆ ಮುಖದ ಹತ್ತಿರ ಹೋಗುವುದಿಲ್ಲ. ಅವನು ಇನ್ನೂ ಅದೇ ಮೂಲೆಯಲ್ಲಿ, ದುರ್ಬೀನು ಹಿಡಿದು ನಿಂತಿದ್ದಾನೆ. ಮೂಗಿಗೂ ಕಿವಿಗೂ, ಮುಖಕ್ಕೂ ಹಿಂದಿನ ಗೋಡೆಗೂ ಇರುವ ಪ್ರಮಾಣ ತೀರ್ಮಾನವಾಗುವುದು ಕ್ಯಾಮೆರಾ ಎಷ್ಟು ದೂರದಲ್ಲಿದೆ ಎಂಬುದರಿಂದ. ಆ ನೋಟದಲ್ಲಿ ಎಷ್ಟು ಭಾಗ ಚೌಕಟ್ಟಿನೊಳಗೆ ಬರಬೇಕು ಎಂಬುದಷ್ಟೇ ಲೆನ್ಸಿನ ಪಾಲಿಗೆ ಉಳಿಯುವ ಕೆಲಸ. ಹಾಗಾಗಿ ಪ್ರತಿ ಶಾಟಿಗೂ ಮೊದಲು ಕೇಳಬೇಕಾದ್ದು, ಈ ಮಾತಿನ ಹೊತ್ತಿಗೆ ಪ್ರೇಕ್ಷಕ ಯಾರಿಂದ ಎಷ್ಟು ಅಡಿ ದೂರದಲ್ಲಿ, ಎಷ್ಟು ಎತ್ತರದಲ್ಲಿ ಇರಬೇಕು ಎಂದು. ಇದು ಗೊತ್ತಾದ ಮೇಲೆ ಲೆನ್ಸ್ ತಾನಾಗಿ ಸಿಗುತ್ತದೆ.

ಸಿಗುವುದು ಹೇಗೆ ಎಂದರೆ, ಲೆಕ್ಕದಿಂದ. ಎಪಿಎಸ್-ಸಿ ಸೆನ್ಸರಿನಲ್ಲಿ 16:9 ವಿಡಿಯೊಗೆ ಬಳಕೆಯಾಗುವ ಭಾಗ ಸುಮಾರು 23.5 ಎಂಎಂ ಅಗಲ, 13.2 ಎಂಎಂ ಎತ್ತರ. ಕೆಲವು ಕ್ಯಾಮೆರಾಗಳಲ್ಲಿ ಇದಕ್ಕಿಂತ ಸ್ವಲ್ಪ ಕಡಿಮೆ. 13.2ನ್ನು ದೂರದಿಂದ ಗುಣಿಸಿ ಲೆನ್ಸಿನ ಎಂಎಂನಿಂದ ಭಾಗಿಸಿದರೆ ಆ ದೂರದಲ್ಲಿ ಚೌಕಟ್ಟಿನ ಎತ್ತರ ಸಿಗುತ್ತದೆ. 50 ಎಂಎಂ ಲೆನ್ಸ್ ಹಾಕಿ 6.5 ಅಡಿ ದೂರದಲ್ಲಿ ನಿಂತರೆ ಎತ್ತರ ಸುಮಾರು 21 ಇಂಚು, ಅಂದರೆ ನೆತ್ತಿಯಿಂದ ಎದೆಯವರೆಗೆ. ಇದೇ ಅಳತೆಯ ಕ್ಲೋಸಪ್ 24 ಎಂಎಂನಲ್ಲಿ ಬೇಕಾದರೆ ಮುಖದಿಂದ 3 ಅಡಿ ದೂರಕ್ಕೆ ಹತ್ತಿರವಾಗಬೇಕು, 85 ಎಂಎಂನಲ್ಲಾದರೆ 11 ಅಡಿ ದೂರಕ್ಕೆ ಹಿಂದೆ ಸರಿಯಬೇಕು. ಮೂರರಲ್ಲೂ ಮುಖದ ಗಾತ್ರ ಒಂದೇ. ಬೇರೆಯಾಗುವುದು ಹಿಂದಿನ ಮನೆ. ವ್ಯಕ್ತಿಯ ಹಿಂದೆ ಆರೂವರೆ ಅಡಿ ಆಚೆ ಗೋಡೆ ಇದ್ದರೆ 24 ಎಂಎಂನಲ್ಲಿ ಆ ಗೋಡೆಯ ಒಂಬತ್ತೂವರೆ ಅಡಿ ಕಾಣುತ್ತದೆ, 50ರಲ್ಲಿ 6 ಅಡಿ, 85ರಲ್ಲಿ 5 ಅಡಿ. ಮನೆಯ ಬಗ್ಗೆಯೇ ಇರುವ ಕಥೆಯಲ್ಲಿ ಇದು ಸಣ್ಣ ಸಂಗತಿಯಲ್ಲ. ಹತ್ತಿರ ನಿಂತು ಅಗಲ ಲೆನ್ಸಿನಲ್ಲಿ (ಕಡಿಮೆ ಎಂಎಂನದು) ತೆಗೆದ ತಾಯಿಯ ಮುಖದ ಹಿಂದೆ ಕಂಬ, ಗೂಡು, ಕ್ಯಾಲೆಂಡರ್, ಕಿಟಕಿ ಎಲ್ಲ ಇರುತ್ತವೆ. ಅವಳು ಮನೆಯೊಳಗೆ ಇದ್ದಾಳೆ. ದೂರದಿಂದ ಉದ್ದ ಲೆನ್ಸಿನಲ್ಲಿ (ಹೆಚ್ಚು ಎಂಎಂನದು) ತೆಗೆದ ಮುಖದ ಹಿಂದೆ ಒಂದು ತುಂಡು ಸುಣ್ಣದ ಗೋಡೆ ಮಾತ್ರ ಉಳಿಯುತ್ತದೆ. ಅವಳಿಂದ ಮನೆ ಕಿತ್ತುಕೊಂಡಾಗಿದೆ. ಸುದ್ದಿ ಗೊತ್ತಾಗುವ ಮೊದಲು ಅಗಲ, ಗೊತ್ತಾದ ಮೇಲೆ ಉದ್ದ ಎಂದು ಇಟ್ಟುಕೊಂಡರೆ ಲೆನ್ಸೇ ಕಥೆಯ ಅರ್ಧ ಹೇಳುತ್ತದೆ.

24 ಎಂಎಂಗಿಂತ ಅಗಲದ ಲೆನ್ಸಿನಲ್ಲಿ ಕ್ಲೋಸಪ್‌ಗೆ ಹೋಗಬೇಡಿ. ಕ್ಯಾಮೆರಾ ಮುಖದಿಂದ ಎರಡೇ ಅಡಿ ದೂರಕ್ಕೆ ಬಂದರೆ ಮೂಗು ಉಬ್ಬಿ, ಕಿವಿ ಹಿಂದೆ ಸರಿದು, ಮುಖ ವಿಕಾರವಾಗುತ್ತದೆ. ನಗಿಸುವ ದೃಶ್ಯಕ್ಕೆ ಅದು ಒದಗೀತು, ಇಲ್ಲಿಗಲ್ಲ.

ಇನ್ನು ಕ್ಲೋಸಪ್ ಧಾರಾಳದ ವಿಷಯ. ಮೊದಲ ನಿಮಿಷದಲ್ಲೇ "ಇನ್ನೊಂದು ಸ್ವಲ್ಪ ಸಾರು ಹಾಕ್ಲಾ" ಎಂಬ ಮಾತಿಗೆ ಬಿಗಿ ಕ್ಲೋಸಪ್ ಕೊಟ್ಟುಬಿಟ್ಟರೆ "ಅಡ್ವಾನ್ಸ್ ತಗೊಂಡಾಗಿದೆ" ಎಂಬ ಮಾತಿಗೆ ಕೊಡಲು ಏನೂ ಉಳಿಯುವುದಿಲ್ಲ. ಧಾರಾವಾಹಿಗಳು ಚಿಕ್ಕ ಪರದೆಗೆ, ದಿನಕ್ಕೊಂದು ಕಂತಿನ ಅವಸರಕ್ಕೆ ತಕ್ಕಂತೆ ಮುಖದಿಂದ ಮುಖಕ್ಕೆ ಹಾರುತ್ತವೆ. ಆ ಅಭ್ಯಾಸ ಕಿರುಚಿತ್ರಕ್ಕೆ ಬೇಕಿಲ್ಲ. ಈ 4 ನಿಮಿಷದಲ್ಲಿ ಅತಿ ಹತ್ತಿರದ ಶಾಟ್ ಒಂದೇ ಇರಲಿ, ಅದು ತಾಯಿಯದಿರಲಿ. 50 ಎಂಎಂ, ಮುಖದಿಂದ ನಾಲ್ಕೂವರೆ ಅಡಿ. ಚೌಕಟ್ಟಿನ ಎತ್ತರ 14 ಇಂಚು, ಹಣೆಯ ಮೇಲಿಂದ ಕತ್ತಿನವರೆಗೆ. ಇಬ್ಬರ ನಡುವೆ 4 ಅಡಿ ಇರುವುದರಿಂದ ಕ್ಯಾಮೆರಾ ಹೆಚ್ಚುಕಡಿಮೆ ಮಗನ ಭುಜದ ಪಕ್ಕದಲ್ಲೇ ಕೂರುತ್ತದೆ. ಅವನು ಒಂದು ಗೇಣು ಸರಿದುಕೊಳ್ಳಬೇಕು. ಹಾಗಾಗಿ ನಾವು ತಾಯಿಯನ್ನು ನೋಡುವುದು ಮಗನು ನೋಡುವ ದೂರದಿಂದಲೇ. ಮೂಲೆಯಿಂದ ಜೂಮ್ ಮಾಡಿದಾಗ ಸಿಗದೇ ಹೋದದ್ದು ಇದು.

ಆ ಶಾಟಿಗೆ ಯಾವಾಗ ಕತ್ತರಿಸಬೇಕು? ಮಗನ ಮಾತು ಮುಗಿದ ಮೇಲೆ ಎಂದು ಹೆಚ್ಚಿನವರು ಮಾಡುತ್ತಾರೆ, ಅದು ತಡವಾಯಿತು. "ಅಡ್ವಾನ್ಸ್" ಎಂಬ ಪದ ಕೇಳುವ ಮುಂಚೆ ನಾವು ತಾಯಿಯ ಮುಖದ ಮೇಲಿರಬೇಕು. ಮಾತು ಹೇಳುವವನದಾದರೂ ದೃಶ್ಯ ಕೇಳಿಸಿಕೊಳ್ಳುವವಳದು. ಮಾತಿನ ನಂತರದ ಮೌನಕ್ಕೆ 6ರಿಂದ 8 ಸೆಕೆಂಡ್ ಇರಲೆಂದು ಚಿತ್ರೀಕರಣದಲ್ಲೇ ಉಳಿಸಿಕೊಳ್ಳಿ. ನಿರ್ದೇಶಕ ಬೇಗ ಕಟ್ ಹೇಳಿಬಿಟ್ಟರೆ ಸಂಕಲನದಲ್ಲಿ ಅದನ್ನು ಎಲ್ಲಿಂದಲೂ ತರಲಾಗದು. ಫೋಕಸ್ ಬಗ್ಗೆ ಎಚ್ಚರ: 50 ಎಂಎಂ, ಎಫ್ 2 (ಲೆನ್ಸಿನ ರಂಧ್ರದ ಅಳತೆ; ಸಂಖ್ಯೆ ಹೆಚ್ಚಾದಷ್ಟೂ ರಂಧ್ರ ಕಿರಿದು), ಈ ದೂರದಲ್ಲಿ ಸ್ಪಷ್ಟವಾಗಿ ಕಾಣುವ ಆಳ ಎರಡು ಇಂಚಿನಷ್ಟೇ. ತಾಯಿ ಬಡಿಸಲು ತುಸು ಬಾಗಿದರೂ ಕಣ್ಣು ಮಸುಕಾಗುತ್ತದೆ. ಎಫ್ 4 ಇಟ್ಟರೆ ನಾಲ್ಕು ಇಂಚು ದಾಟುತ್ತದೆ, ಅಷ್ಟು ಸಾಕು.

ಈಗ ಎತ್ತರ. ಟ್ರೈಪಾಡನ್ನು ನಿಂತವರ ಕಣ್ಣಿನ ಎತ್ತರಕ್ಕೆ, 5 ಅಡಿಗೆ, ಇಟ್ಟಿರುತ್ತೀರಿ. ನೆಲದ ಮೇಲೆ ಕೂತವರ ಕಣ್ಣು ಎರಡೂವರೆ ಅಡಿಯಲ್ಲಿರುತ್ತದೆ. ಆರೂವರೆ ಅಡಿ ದೂರದಿಂದ ನೋಡಿದರೆ ಅದು 20 ಡಿಗ್ರಿ ದಾಟಿದ ಟಾಪ್ ಆಂಗಲ್. ಕಣ್ಣಿನ ರೆಪ್ಪೆ, ಬೈತಲೆ ಕಾಣುತ್ತವೆ, ಕಣ್ಣು ಕಾಣುವುದಿಲ್ಲ. ಇಡೀ ದೃಶ್ಯವನ್ನು ಬಾಗಿಲಿಗೆ ಬಂದು ನಿಂತ ಯಾರೋ ನೆಂಟರು ಮೇಲಿಂದ ನೋಡಿದ ಹಾಗಾಯಿತು. ಲೆನ್ಸಿನ ಮಧ್ಯಭಾಗ ನೆಲದಿಂದ 30 ಇಂಚಿಗೆ ಬರಲಿ. ಟ್ರೈಪಾಡ್ ಅಷ್ಟು ತಗ್ಗದಿದ್ದರೆ ಸ್ಟೂಲಿನ ಮೇಲೆ ಎರಡು ಕೆಜಿ ಅಕ್ಕಿಯ ಬಟ್ಟೆಚೀಲವಿಟ್ಟು ಅದರೊಳಗೆ ಕ್ಯಾಮೆರಾವನ್ನು ಹುದುಗಿಸಿ. ಮಟ್ಟ ಮಾಡಲು ಚೀಲವನ್ನು ಒತ್ತಿದರೆ ಸಾಕು, ಅಲುಗಾಟವೂ ಇರುವುದಿಲ್ಲ.

ನೆಲದ ಮೇಲೆ ಕೂರುವ ಮನೆಗಳನ್ನು ತೆಗೆಯುವುದರಲ್ಲಿ ಜಪಾನಿನ ನಿರ್ದೇಶಕ ಯಸುಜಿರೋ ಓಜು ಅವರಿಂದ ಕಲಿಯುವುದು ಬಹಳ ಇದೆ. ಅವರ ಕ್ಯಾಮೆರಾ ಚಾಪೆಯ ಮೇಲೆ ಕೂತವರ ಕಣ್ಣಿಗಿಂತಲೂ ಕೆಳಗೆ ಇರುತ್ತಿತ್ತು, ಲೆನ್ಸ್ ಹೆಚ್ಚಾಗಿ 50 ಎಂಎಂ. ಆಗಿನ 35 ಎಂಎಂ ಫಿಲ್ಮಿನ ಚೌಕಟ್ಟು ಸುಮಾರು 22 ಎಂಎಂ ಅಗಲ, ನಿಮ್ಮ ಸೆನ್ಸರಿಗೆ ಬಹಳ ಹತ್ತಿರ. ನಿಮ್ಮ 50 ಎಂಎಂ ಲೆನ್ಸ್ ಕೊಡುವ ನೋಟ ಅವರಿಗೆ ಸಿಗುತ್ತಿದ್ದ ನೋಟಕ್ಕೆ ತೀರ ದೂರವೇನಲ್ಲ.

ಕೆಳಗಿನಿಂದ ನೋಡಿದರೆ ಅಧಿಕಾರ, ಮೇಲಿನಿಂದ ನೋಡಿದರೆ ದೈನ್ಯ ಎಂದು ಪಾಠಗಳಲ್ಲಿ ಹೇಳುತ್ತಾರೆ. ಅದು ಅರ್ಧ ಸತ್ಯ. ಒಂದು ಕೋನ ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ಹಿಂದಿನದಕ್ಕಿಂತ ಅದು ಬದಲಾದಾಗ ಅರ್ಥ ಹುಟ್ಟುತ್ತದೆ. ಇದಕ್ಕೆ ನಿಮ್ಮ ದೃಶ್ಯಕ್ಕೆ ತೀರ ಹತ್ತಿರದ ಉದಾಹರಣೆ ಸಿಡ್ನಿ ಲ್ಯುಮೆಟ್ ನಿರ್ದೇಶನದ 1957ರ 'ಟ್ವೆಲ್ವ್ ಆಂಗ್ರಿ ಮೆನ್'. ಹೆಚ್ಚುಕಡಿಮೆ ಇಡೀ ಚಿತ್ರ ಹನ್ನೆರಡು ಜನ ಜ್ಯೂರಿಗಳು ಕೂತ ಒಂದೇ ಕೋಣೆಯಲ್ಲಿ ನಡೆಯುತ್ತದೆ, ಛಾಯಾಗ್ರಹಣ ಬೋರಿಸ್ ಕಾಫ್‌ಮನ್ ಅವರದು. ಮೊದಲ ಮೂರನೇ ಒಂದು ಭಾಗವನ್ನು ಕಣ್ಣಿನ ಮಟ್ಟಕ್ಕಿಂತ ಮೇಲಿನಿಂದ, ನಡುವಿನ ಭಾಗವನ್ನು ಕಣ್ಣಿನ ಮಟ್ಟದಲ್ಲಿ, ಕೊನೆಯ ಭಾಗವನ್ನು ಅದಕ್ಕಿಂತ ಕೆಳಗಿನಿಂದ ತೆಗೆದರು. ಕೊನೆಕೊನೆಗೆ ಮೇಲ್ಛಾವಣಿ ಚೌಕಟ್ಟಿನೊಳಗೆ ಬರತೊಡಗುತ್ತದೆ. ಜೊತೆಜೊತೆಗೆ ಲೆನ್ಸ್‌ಗಳು ಉದ್ದವಾಗುತ್ತ ಹೋದವು, ಗೋಡೆಗಳು ಜನರ ಬೆನ್ನಿಗೆ ಬಂದು ಒತ್ತಿದವು. ಚಿತ್ರ ಮುಗಿಯುವಾಗ ಹೊರಗಿನ ಶಾಟಿಗೆ ಅಗಲ ಲೆನ್ಸ್ ಹಾಕಿ ಉಸಿರು ಬಿಡಲು ಜಾಗ ಕೊಟ್ಟರು. ಕೋಣೆ ಅದೇ, ಗೋಡೆ ಅದೇ. ಪ್ರೇಕ್ಷಕರಿಗೆ ಲೆನ್ಸ್ ಬದಲಾದದ್ದು ಗೊತ್ತಾಗುವುದಿಲ್ಲ, ಉಸಿರು ಕಟ್ಟಿದ್ದು ಗೊತ್ತಾಗುತ್ತದೆ.

ಆದ್ದರಿಂದ ನಿಮ್ಮಲ್ಲಿ ತಾಯಿ ಎದ್ದಾಗ ಕ್ಯಾಮೆರಾವನ್ನು ಅವಳ ಜೊತೆ ಎತ್ತಬೇಡಿ. 30 ಇಂಚಿನಲ್ಲೇ ಇರಲಿ. ಏಳುವಾಗ ಕ್ಷಣಕಾಲ ತಲೆ ಚೌಕಟ್ಟಿನಾಚೆ ಹೋಗಿ ಸೀರೆಯ ನೆರಿಗೆ, ಕೈಯಲ್ಲಿರುವ ಸೌಟು ಮಾತ್ರ ಕಾಣುತ್ತವೆ. ಸೋತವಳು ಅವಳಾದರೂ ಚಿಕ್ಕವನಾಗುವುದು ಕೆಳಗೆ ಕೂತ ಮಗ. ಆ ಕ್ಷಣಕ್ಕೆ ಕ್ಯಾಮೆರಾ ಎತ್ತಿಬಿಟ್ಟರೆ ಇದು ಕೈತಪ್ಪುತ್ತದೆ.

ಇಬ್ಬರೂ ಒಂದೇ ಕಡೆ ನೋಡಿದ ಹಾಗೆ ಕಂಡದ್ದಕ್ಕೆ ಕಾರಣ ಸೆಟ್ಟಿನಲ್ಲಿ ಎಲ್ಲರ ಬಾಯಲ್ಲಿರುವ ಇಮ್ಯಾಜಿನರಿ ಲೈನ್. ಮಗನ ಕಣ್ಣಿಂದ ತಾಯಿಯ ಕಣ್ಣಿಗೆ ನೆಲದ ಮೇಲೆ ಒಂದು ಗೆರೆ ಎಳೆದುಕೊಳ್ಳಿ. ಕ್ಯಾಮೆರಾ ತಲೆಬಾಗಿಲ ಕಡೆ ಇದ್ದರೆ ಮಗ ಎಡದಲ್ಲಿ ಕೂತು ಬಲಕ್ಕೆ ನೋಡುತ್ತಾನೆ, ತಾಯಿ ಬಲದಲ್ಲಿ ಕೂತು ಎಡಕ್ಕೆ. ಗೆರೆಯ ಆಚೆಗೆ ಹೋದ ಕ್ಷಣ ಇಬ್ಬರ ದಿಕ್ಕೂ ತಿರುಗಿಬಿಡುತ್ತದೆ. ಈಚೆಯ ಒಂದು ಶಾಟನ್ನು ಆಚೆಯ ಒಂದರ ಪಕ್ಕ ಜೋಡಿಸಿದರೆ ಇಬ್ಬರೂ ಬಲಕ್ಕೆ ನೋಡುತ್ತಾರೆ, ಅವರ ಮುಂದೆ ಮೂರನೆಯವನೊಬ್ಬ ಕೂತ ಹಾಗಾಗುತ್ತದೆ. ನಿಮ್ಮ ಕೋಣೆಗೆ ನೆನಪಿಡಲು ಸುಲಭದ ಸೂತ್ರ: ಮಗನ ಬಲಭುಜ, ತಾಯಿಯ ಎಡಭುಜ. ನಮ್ಮ ಕಡೆ ಸಜೆಶನ್ ಎನ್ನುವ, ಒಬ್ಬರ ಭುಜದ ಮೇಲಿಂದ ಇನ್ನೊಬ್ಬರನ್ನು ನೋಡುವ ಶಾಟ್‌ಗಳನ್ನು ಈ ಎರಡು ಭುಜಗಳ ಮೇಲಿಂದ ಮಾತ್ರ ತೆಗೆಯಿರಿ. ಎರಡಕ್ಕೂ ಲೆನ್ಸ್, ದೂರ, ಎತ್ತರ ಒಂದೇ ಇರಲಿ. ಟೇಪಿನಲ್ಲಿ ಅಳೆದು ಬರೆದುಕೊಳ್ಳಿ. ಒಬ್ಬರ ಮುಖ ಇನ್ನೊಬ್ಬರದಕ್ಕಿಂತ ದೊಡ್ಡದಾದರೆ ಪ್ರೇಕ್ಷಕ ಅದಕ್ಕೆ ಅರ್ಥ ಹುಡುಕುತ್ತಾನೆ. ನೀವು ಬೇಕೆಂದು ಕೊಟ್ಟ ಅರ್ಥವಲ್ಲದಿದ್ದರೆ ಗೊಂದಲ.

ಲುಕ್, ಅಂದರೆ ನಟರ ನೋಟದ ದಿಕ್ಕು, ತಪ್ಪುವುದು ಇನ್ನೊಂದು ಕಾರಣಕ್ಕೆ. ತಾಯಿಯ ಕ್ಲೋಸಪ್ ತೆಗೆಯುವಾಗ ಮಗನ ಪಾತ್ರಧಾರಿ ಚಹಾ ಕುಡಿಯಲು ಹೋಗಿರುತ್ತಾರೆ, ಸಹಾಯಕರು ಯಾರೋ ನಿಂತುಕೊಂಡೇ ಸಂಭಾಷಣೆ ಓದುತ್ತಾರೆ, ತಾಯಿಯ ಕಣ್ಣು ಮೇಲಕ್ಕೆ ಹೋಗುತ್ತದೆ. ಎದುರಿನ ನಟ ತನ್ನ ಜಾಗದಲ್ಲೇ, ಲೆನ್ಸಿಗೆ ಒಂದು ಗೇಣಿನ ಒಳಗೆ, ಅದೇ ಎತ್ತರದಲ್ಲಿ ಕೂತಿರಬೇಕು. ಕಣ್ಣು ಲೆನ್ಸಿಗೆ ಹತ್ತಿರವಾದಷ್ಟೂ ಎರಡೂ ಕಣ್ಣು ನಮಗೆ ಸಿಗುತ್ತವೆ, ಮನಸ್ಸು ಸಿಗುತ್ತದೆ. ದೂರವಾದಷ್ಟೂ ಪಕ್ಕಮುಖ, ಹೊರಗಿನವರ ನೋಟ.

ತಾಯಿ ಎದ್ದು ಮಗನನ್ನು ದಾಟಿ ಹೋದಾಗ ಗೆರೆಯೂ ಜಾಗ ಬದಲಿಸುತ್ತದೆ. ನೀವು ತಪ್ಪಿದ್ದು ಬಹುಶಃ ಇಲ್ಲೇ: ಒಂದು ಶಾಟಿನಲ್ಲಿ ಕೂತಿದ್ದಳು, ಮುಂದಿನದರಲ್ಲಿ ಬಾಗಿಲಲ್ಲಿ ನಿಂತಿದ್ದಾಳೆ, ನಡುವೆ ಕ್ಯಾಮೆರಾ ಎದುರು ಮೂಲೆಗೆ ಹೋಗಿದೆ. ಅವಳ ನಡಿಗೆಯನ್ನು ಕತ್ತರಿಸದೆ ತೋರಿಸಿ. ತಲೆಬಾಗಿಲ ಹೊಸ್ತಿಲ ಮೇಲೆ ಕ್ಯಾಮೆರಾ, 18 ಎಂಎಂ, 30 ಇಂಚು ಎತ್ತರ. ಶುರುವಿನಲ್ಲಿ ಮಗ ಎಡಕ್ಕೆ, ತಾಯಿ ಬಲಕ್ಕೆ. ಅವಳು ನಡೆದ ಹಾಗೆ ಎಡಕ್ಕೆ ಪ್ಯಾನ್ ಮಾಡಿ (ಕ್ಯಾಮೆರಾವನ್ನು ಇದ್ದಲ್ಲೇ ತಿರುಗಿಸಿ) ನಿಲ್ಲಿಸಿದಾಗ ತಾಯಿ ಎಡದಲ್ಲಿ ಬಾಗಿಲ ಬಳಿ, ಮಗ ಬಲದಲ್ಲಿ ಬೆನ್ನು ಅವಳ ಕಡೆಗಿಟ್ಟುಕೊಂಡು. ಅಷ್ಟು ಹೊತ್ತಿಗೆ ಅವಳು ಕ್ಯಾಮೆರಾದಿಂದ 10 ಅಡಿ ದೂರ ಹೋಗಿರುವುದರಿಂದ ತಲೆಯಿಂದ ಕಾಲವರೆಗೆ ತಾನೇ ಹಿಡಿಸುತ್ತಾಳೆ, ಮೇಲಕ್ಕೆತ್ತುವ ಅಗತ್ಯವಿಲ್ಲ. ಇಬ್ಬರೂ ಜಾಗ ಅದಲುಬದಲಾದದ್ದನ್ನು ಪ್ರೇಕ್ಷಕ ಕಣ್ಣಾರೆ ನೋಡಿದ್ದಾನೆ, ಇನ್ನು ದಿಕ್ಕು ತಪ್ಪುವುದಿಲ್ಲ. ಪ್ಯಾನ್ ಮೊದಲು ಹೊರಡಬಾರದು. ಅವಳು ಎದ್ದು ಒಂದು ಹೆಜ್ಜೆ ಇಟ್ಟ ಮೇಲೆ ಹೊರಡಲಿ.

ಇದರ ಮುಂದಿನದು ಆಳದ ಶಾಟ್, ಈ ದೃಶ್ಯದ ಅತಿ ಮುಖ್ಯ ಚೌಕಟ್ಟಾಗಬಹುದು. ತಾಯಿ ಬಿಟ್ಟೆದ್ದ ಜಾಗಕ್ಕೆ ಕ್ಯಾಮೆರಾ ತನ್ನಿ, ಮಗನಿಂದ 5 ಅಡಿ, 24 ಎಂಎಂ, ಎತ್ತರ ಅದೇ. ಮುಂದೆ ನಮ್ಮ ಕಡೆ ಮುಖಮಾಡಿ ಕೂತ ಮಗ, ಅವನ ಮುಂದೆ ಅರ್ಧ ಉಂಡ ಎಲೆ; ಅವನ ಹಿಂದೆ 6 ಅಡಿ ಆಚೆ ಬಾಗಿಲಲ್ಲಿ ನಿಂತ ತಾಯಿ. 11 ಅಡಿ ದೂರದಲ್ಲಿ ಈ ಲೆನ್ಸಿನ ಚೌಕಟ್ಟು 6 ಅಡಿ ಎತ್ತರವಿರುವುದರಿಂದ ಅವಳು ಪೂರ್ತಿ ಕಾಣುತ್ತಾಳೆ. 50 ಎಂಎಂ ಹಾಕಿದ್ದರೆ ಸೊಂಟದ ಆಸುಪಾಸಿನ ಮೂರಡಿ ಮಾತ್ರ ಸಿಗುತ್ತಿತ್ತು. ಎಫ್ 8ರಲ್ಲಿ ಏಳೂವರೆ ಅಡಿಗೆ ಫೋಕಸ್ ಇಟ್ಟರೆ ಇಬ್ಬರೂ ಸ್ಪಷ್ಟ. ಅದಕ್ಕೆ ಬೆಳಕು ಬೇಕು: ಹಗಲು, ಕಿಟಕಿ ತೆರೆದು, ಹೊರಗಿಂದ ಬಿಳಿ ಥರ್ಮೋಕೋಲ್ ಹಲಗೆಯಲ್ಲಿ ಬಿಸಿಲನ್ನು ಒಳಗೆ ತಿರುಗಿಸಿ. ಸಾಲದಿದ್ದರೆ ಬೆಳಕಿನ ಸಂವೇದನೆ ಹೆಚ್ಚಿಸುವ ಐಎಸ್‌ಒ ಏರಿಸಿ. ಇಲ್ಲಿ ಸ್ವಲ್ಪ ಕಾಳು ಕಾಳಾಗಿ ಬಂದರೂ ಚಿಂತೆಯಿಲ್ಲ, ಇಬ್ಬರಲ್ಲಿ ಒಬ್ಬರು ಮಸುಕಾಗುವುದು ಮಾತ್ರ ಬೇಡ. ಆರ್ಸನ್ ವೆಲ್ಸ್ ಅವರ 1941ರ 'ಸಿಟಿಜನ್ ಕೇನ್'ನಲ್ಲಿ ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಇಂಥದ್ದನ್ನು ಮಾಡಿದ್ದಾರೆ. ಒಳಗೆ ಮೇಜಿನ ಮುಂದೆ ಮಗುವನ್ನು ಬೇರೆಯವರ ಸುಪರ್ದಿಗೆ ಒಪ್ಪಿಸುವ ಕಾಗದಕ್ಕೆ ತಾಯಿಯ ಸಹಿ ಬೀಳುತ್ತಿರುತ್ತದೆ, ದೂರದ ಕಿಟಕಿಯಾಚೆ ಆ ಮಗು ಹಿಮದಲ್ಲಿ ಆಡುತ್ತಿರುತ್ತದೆ. ಎರಡೂ ಒಂದೇ ಚೌಕಟ್ಟಿನಲ್ಲಿ, ಎರಡೂ ಸ್ಪಷ್ಟ. ಯಾವುದನ್ನು ನೋಡಬೇಕು ಎಂದು ಕತ್ತರಿ ಹೇಳುವುದಿಲ್ಲ, ನೋಡುವವರ ಎದೆ ಹೇಳುತ್ತದೆ. ನಿಮ್ಮಲ್ಲಿ ಮಾರಾಟವಾಗುತ್ತಿರುವುದು ಮನೆ, ಆದರೆ ಕಟ್ಟುವ ರೀತಿ ಅದೇ. ಈ ಶಾಟನ್ನು 25-30 ಸೆಕೆಂಡ್ ಕತ್ತರಿಸದೆ ಇಡುವ ಧೈರ್ಯ ಮಾಡಿ.

ದೃಶ್ಯದ ಆರಂಭಕ್ಕೆ ಜಗಲಿಗೆ ಹೋಗಿ. ತಲೆಬಾಗಿಲಿಂದ 5 ಅಡಿ ಹೊರಗೆ, 18 ಎಂಎಂ. 3 ಅಡಿ ಅಗಲದ ಬಾಗಿಲು ಚೌಕಟ್ಟಿನ ಅರ್ಧದಷ್ಟಾಗುತ್ತದೆ, ಅದರೊಳಗೆ ಇಬ್ಬರೂ ಹಿಡಿಸುತ್ತಾರೆ, ಎರಡೂ ಬದಿಗೆ ಗೋಡೆ. ಈ ಮನೆಯೇ ಅವರನ್ನು ಜೊತೆಗೆ ಹಿಡಿದಿಟ್ಟಿದೆ ಎಂದು ಒಂದು ಮಾತಿಲ್ಲದೆ ತಿಳಿಯುತ್ತದೆ. ದೃಶ್ಯದ ಕೊನೆಗೂ ಇದೇ ಜಾಗಕ್ಕೆ ಬಂದರೆ ಬಾಗಿಲೊಳಗೆ ಮಗ ಒಬ್ಬನೇ ಉಳಿದಿರುತ್ತಾನೆ. ತಾಯಿ ಗೋಡೆಯ ಮರೆಯಲ್ಲಿ.

ಹಾಗಾದರೆ ಒಟ್ಟು ಏಳು ಸೆಟಪ್ (ಕ್ಯಾಮೆರಾ ಇಡುವ ಜಾಗ) ಸಾಕು: ಜಗಲಿಯಿಂದ ಒಂದು, ಹೊಸ್ತಿಲಿನ ಪ್ಯಾನ್, ಎರಡು ಸಜೆಶನ್, ತಾಯಿ ಕೂತದ್ದು ತಲೆಯಿಂದ ನೆಲದವರೆಗೆ ಕಾಣುವ ಒಂದು ಮಿಡ್ (35 ಎಂಎಂ, 8 ಅಡಿ), ತಾಯಿಯ ಆ ಒಂದೇ ಕ್ಲೋಸಪ್, ಆಳದ ಶಾಟ್. ಕ್ಯಾಮೆರಾ ಮುಟ್ಟುವ ಮೊದಲು ಇಬ್ಬರನ್ನೂ ಕೂರಿಸಿ ಇಡೀ ದೃಶ್ಯ ಎರಡು ಸಲ ಆಡಿಸಿ, ಎಲೆಯ ಜಾಗ, ಪಾತ್ರೆಯ ಜಾಗ, ತಾಯಿ ನಿಲ್ಲುವ ಜಾಗಕ್ಕೆ ನೆಲದಲ್ಲಿ ಟೇಪ್ ಹಚ್ಚಿ. ಅಗಲದ ಶಾಟ್‌ಗಳನ್ನು ಮೊದಲು ಮುಗಿಸುವುದು ವಾಡಿಕೆ, ಬೆಳಕಿಗೂ ಅನುಕೂಲ. ಆದರೆ ತಾಯಿಯ ಪಾತ್ರಧಾರಿ ವೃತ್ತಿಪರರಲ್ಲದಿದ್ದರೆ ಕ್ಲೋಸಪ್ಪನ್ನು ಸಂಜೆಗೆ ತಳ್ಳಬೇಡಿ. ಐದನೇ ಗಂಟೆಯಲ್ಲಿ ಕಣ್ಣು ದಣಿದಿರುತ್ತದೆ. ಊಟದ ದೃಶ್ಯದಲ್ಲಿ ಎಲೆಯ ಮೇಲಿನ ಅನ್ನ ಪ್ರತಿ ಶಾಟಿಗೂ ಬದಲಾಗುತ್ತದೆ. ಪ್ರತಿ ಟೇಕ್ ಮುಗಿದಾಗ ಮೊಬೈಲಿನಲ್ಲಿ ಎಲೆಯ ಫೋಟೊ ತೆಗೆದಿಡಿ, ಮಗ ಯಾವ ಮಾತಿಗೆ ತುತ್ತು ಎತ್ತುತ್ತಾನೆ ಎಂದು ಬರೆದಿಡಿ.

ಪ್ರತಿ ಚೌಕಟ್ಟಿನಲ್ಲೂ ನೋಡುವ ದಿಕ್ಕಿಗೆ ಹೆಚ್ಚು ಜಾಗ ಬಿಡುವುದು, ಕಣ್ಣನ್ನು ಮೇಲಿನ ಮೂರನೇ ಒಂದು ಭಾಗದ ಗೆರೆಗೆ ತರುವುದು, ಚೌಕಟ್ಟಿನ ಅಂಚು ಮೊಣಕಾಲು, ಮಣಿಕಟ್ಟುಗಳ ಮೇಲೇ ಬೀಳದಂತೆ ನೋಡಿಕೊಳ್ಳುವುದು ನಿಮಗೆ ಗೊತ್ತೇ ಇರುತ್ತದೆ. ಒಬ್ಬರದೇ ಎರಡು ಶಾಟ್ ಒಂದರ ಹಿಂದೊಂದು ಬಂದಾಗ ಸೈಜು ಸ್ಪಷ್ಟವಾಗಿ ಬದಲಾಗಬೇಕು, ಇಲ್ಲವೇ ಕ್ಯಾಮೆರಾ 30 ಡಿಗ್ರಿಯಾದರೂ ಸರಿದಿರಬೇಕು. ಇಲ್ಲದಿದ್ದರೆ ಚಿತ್ರ ಎಗರಿದ ಹಾಗೆ ಕಾಣುತ್ತದೆ. ಇನ್ನು ಸಿನಿಮಾಸ್ಕೋಪ್ ಥರ ಕಾಣಲೆಂದು ಮೇಲೆ ಕೆಳಗೆ ಕಪ್ಪು ಪಟ್ಟಿ ಹಾಕುವ ಆಸೆ. 1959ರ 'ಕಾಗಜ್ ಕೆ ಫೂಲ್' ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅದರ ಛಾಯಾಗ್ರಾಹಕರು ಮೈಸೂರಿನವರಾದ ವಿ.ಕೆ. ಮೂರ್ತಿ, ಮುಂದೆ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. ಅಲ್ಲಿ ಆ ಅಗಲ ಇರುವುದು ಖಾಲಿ ಸ್ಟುಡಿಯೊದ ಒಂಟಿತನಕ್ಕಾಗಿ, ಅಲಂಕಾರಕ್ಕಲ್ಲ. ನಿಮಗೂ ಬೇಕಿದ್ದರೆ ಚಿತ್ರೀಕರಣಕ್ಕೆ ಮೊದಲೇ ಮಾನಿಟರ್ ಮೇಲೆ ಗೆರೆ ಹಾಕಿಕೊಳ್ಳಿ: 2.39 ಅನುಪಾತಕ್ಕೆ 1920 ಅಗಲದಲ್ಲಿ ಎತ್ತರ ಸುಮಾರು 803 ಪಿಕ್ಸೆಲ್. ನಾನು ಮೇಲೆ ಕೊಟ್ಟ ಎತ್ತರಗಳೆಲ್ಲ ಆಗ ಕಾಲುಭಾಗ ಕಡಿಮೆಯಾಗುತ್ತವೆ, ಆಳದ ಶಾಟಿನಲ್ಲಿ ತಾಯಿಯ ತಲೆ ಹೋಗುತ್ತದೆ. ಈ ದೃಶ್ಯಕ್ಕೆ 16:9 ಸಾಕು.

ಹಳೆಯ ಚಿತ್ರೀಕರಣದಲ್ಲಿ ಏನಾದರೂ ಉಳಿಸಿಕೊಳ್ಳಬೇಕಾದರೆ, ಗೆರೆ ದಾಟಿದ ಶಾಟನ್ನು ಸಂಕಲನದಲ್ಲಿ ಕನ್ನಡಿಯ ಹಾಗೆ ಅಡ್ಡ ತಿರುಗಿಸುವುದು ಒಂದು ದಾರಿ. ಬಿಗಿ ಮುಖಗಳಿಗೆ ನಡೆಯುತ್ತದೆ. ಮಿಡ್ ಶಾಟಿಗೆ ನಡೆಯುವುದಿಲ್ಲ: ಸೀರೆಯ ಸೆರಗು ಬಲಭುಜಕ್ಕೆ ಬರುತ್ತದೆ, ಮಗ ಎಡಗೈಯಲ್ಲಿ ಉಣ್ಣುತ್ತಾನೆ, ಅಂಗಿಯ ಜೇಬು ಬಲಕ್ಕೆ ಹೋಗುತ್ತದೆ, ಹಿಂದಿನ ಕ್ಯಾಲೆಂಡರಿನ ಅಕ್ಷರ ತಿರುಗುಮುರುಗಾಗುತ್ತದೆ. ಅಂಥ ಕಡೆ ನಡುವೆ ಸೌಟಿನದೋ ಎಲೆಯದೋ ಒಂದು ಶಾಟ್ ಹಾಕಿದರೆ ದಿಕ್ಕು ಮರೆಯಲು ಪ್ರೇಕ್ಷಕನಿಗೆ ಎರಡು ಸೆಕೆಂಡ್ ಸಿಗುತ್ತದೆ. ಹೇಗೂ ಮತ್ತೆ ಹೋಗುತ್ತಿದ್ದೀರಿ. ಅದೇ ಪಾತ್ರೆ, ಅದೇ ಸೌಟು, ಎಲೆಯ ಮೇಲೆ ಆಡುವ ಮಗನ ಬಲಗೈ, ಇವುಗಳ ನಾಲ್ಕೈದು ಬಿಡಿ ಶಾಟ್‌ಗಳನ್ನು 50 ಎಂಎಂನಲ್ಲಿ ಹತ್ತು ಹತ್ತು ಸೆಕೆಂಡ್ ತೆಗೆದುಕೊಂಡು ಬನ್ನಿ.